ಆರಾಮ ಅದಾಳ್ರಿ

ಹಳಿಯಾಳದ ಬಸ್ ನಿಲ್ದಾಣದಲ್ಲಿ ದಾಂಡೇಲಿ ಬಸ್ಸಿಗೆ ಕಾಯುತ್ತಿದ್ದ ಶಿವಯೋಗಿಯ ಪಕ್ಕಕ್ಕೆ, ಕೋರ್ಟಿನಿಂದ ಬಂದ ತಾಯಿ ಮಗಳು ಕೂತರು.

“ಮಗಳು ಈಗ ಹೆಂಗದಾಳ ಅಂತ ಜಡ್ಜ್ ಸಾಹೇಬ್ರು ಕೇಳಿದ್ರ, ಆರಾಮ ಅದಾಳ್ರಿ ಅಂದ್ಯಲ್ಲವ್ವ!”

“ಯಾರ ಕೇಳಿದ್ರೂ ಹಂಗ ಅನ್ನೂದು ರೂಢಿ. ಬಾಯಿಗೆ ಬಂದಬಿಡ್ತು.”

“ಅವರೇನು ಬೀಗರ? ಅತ್ಯಾಚಾರ ಆದಾಕಿಗೆ ಎಷ್ಟು ಪರಿಹಾರ ಕೊಡಿಸಬೇಕು ಅಂತ ತಿಳ್ಕೊಳ್ಳಾಕ ಕೇಳಿದ್ರು.”

ಶಿವಯೋಗಿ ಮೊಬೈಲ್ ನೋಡುವವನಂತೆ ತಲೆ ತಗ್ಗಿಸಿದ.

“ನಿದ್ದಿ ಹತ್ತಂಗಿಲ್ಲ, ಹೊಲಿಗಿ ಕ್ಲಾಸ್ ಬಿಟ್ಟಾಳ ಅಂತ ಹೇಳಬೇಕಿತ್ತು.”

“ಅಷ್ಟು ಮಂದಿ ಮುಂದ ಮಗಳ ಹುಳುಕು ಹೆಂಗ ಹೇಳ್ಲಿ? ತಪ್ಪಾತವ್ವ.”

“ಮುಂದಿನ ತಾರೀಖಿಗೆ ನಾನ ಹೇಳ್ತೇನಿ. ನೀ ಹೊರಗ ಕೂಡು.”

“ನನಗ ಹೇಳದ್ದು ಇನ್ನೂ ಐತೇನ?”

ಮಗಳು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಮುಂಡಗೋಡದ ಬಸ್ ಬಂತು. ತಾಯಿ ಮತ್ತೆ ಕೇಳಲಿಲ್ಲ. ಮಗಳ ಚೀಲವನ್ನೂ ತಾನೇ ಹೊತ್ತು ಬಸ್ ಹತ್ತಿದಳು.