ಎರಡು ಹೆಲ್ಮೆಟ್ ತಂದ ಅಣ್ಣ

ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ ಎಂದು ಶುರು ಮಾಡಿದರೆ ನಿಮಗೆಲ್ಲ ಸಮಾಧಾನ. ಯಾಕೆ ಹೇಳಿ? ತಪ್ಪೆಲ್ಲ ಆ ಶ್ರೀಮಂತನ ತಲೆಗೆ ಹೋಗುತ್ತದೆ, ನೀವು ಆರಾಮಾಗಿ ಮಠದ ಕಂಬಕ್ಕೆ ಒರಗಿ ನನ್ನ ಪ್ರವಚನ ಕೇಳಬಹುದು. ಇವತ್ತು ಹಾಗೆ ಬಿಡುವುದಿಲ್ಲ. ಒಂದೂರಿನಲ್ಲಿ ಒಬ್ಬ ಬಡವನಿದ್ದ. ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಿದ್ದ. ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು. ಒಳ್ಳೆಯವನು. ನೋಡಿ, ಇದು ಒಳ್ಳೆಯವನೊಬ್ಬ ಮಾಡಿದ ತಪ್ಪಿನ ಕಥೆ. ಹಾಗಾಗಿ ನಿಮ್ಮ ಕಥೆ.

ಅವನಿಗೊಬ್ಬಳು ತಂಗಿ. ತಾಯಿ ಬೇಗ ತೀರಿಕೊಂಡಿದ್ದರಿಂದ ತಂಗಿಯ ತಲೆ ಬಾಚಿ ಜಡೆ ಹಾಕಿ ಶಾಲೆಗೆ ಕಳಿಸಿದವನು ಅವನೇ. ಜಡೆ ಸೊಟ್ಟ ಇರುತ್ತಿತ್ತು, ಇರಲಿ. ದೊಡ್ಡವಳಾದ ಮೇಲೆ ಎರಡು ತಾಸಿನ ದಾರಿಯ ಊರಿಗೆ, ಉಳ್ಳವರ ಮನೆಗೆ ಕೊಟ್ಟ. ಆ ತಂಗಿಗೆ ತವರು ಎಂದರೆ ಅವನೊಬ್ಬನೇ.

ನಮ್ಮ ಕಡೆ ನಾಗರಪಂಚಮಿ ಎಂದರೆ ಏನೆಂದು ನಾನು ಹೇಳಬೇಕೇ? ವರ್ಷವಿಡೀ ಸೊಸೆಯಾಗಿ ತಗ್ಗಿ ಬಗ್ಗಿ ನಡೆದವಳು ಆ ನಾಲ್ಕು ದಿನ ಮತ್ತೆ ಮಗಳಾಗುತ್ತಾಳೆ. ಉಂಡಿ ತಿನ್ನುತ್ತಾಳೆ, ಜೋಕಾಲಿ ಜೀಕುತ್ತಾಳೆ, ಹೊತ್ತೇರುವ ತನಕ ಮಲಗಿದರೂ ಯಾರೂ ಎಬ್ಬಿಸುವುದಿಲ್ಲ. ಆದರೆ ತಾನಾಗಿ ಹೋಗುವಂತಿಲ್ಲ. ಅಣ್ಣನೋ ತಮ್ಮನೋ ಬಂದು ಕರೆಯಬೇಕು. ಕರೆಯಲು ಬರುವವನ ದಾರಿ ನೋಡುವುದರಲ್ಲೇ ಅರ್ಧ ಹಬ್ಬವಿದೆ.

ಈ ಅಣ್ಣ ವರ್ಷ ವರ್ಷವೂ ಬಸ್ಸಿಗೆ ಹೋಗಿ ತಂಗಿಯನ್ನು ಕರೆತರುತ್ತಿದ್ದ. ಒಂದು ವರ್ಷ ಇಬ್ಬರೂ ಹೊರಟು ನಿಂತಾಗ ಬೀಗರ ಮನೆಯ ಹಿರಿಯನೊಬ್ಬ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಾ ಅಂದ:

"ನಮ್ಮ ಮನಿ ಸೊಸಿ ಗಂಟು ಹಿಡ್ಕೊಂಡು ಬಸ್‌ಸ್ಟ್ಯಾಂಡಿನ್ಯಾಗ ನಿಂದ್ರಬೇಕೇನಪಾ? ಕರಿಯಾಕ ಬರಾವ ಒಂದು ಗಾಡಿನರ ತರಬಾರದ?"

ಅಂದವನು ಎಲೆ ಉಗುಳಿ ಮರೆತುಬಿಟ್ಟ. ಇವನು ಮರೆಯಲಿಲ್ಲ. ಸ್ವಂತ ಗಾಡಿ ತಗೊಂಡೇ ಇನ್ನು ಈ ಬಾಗಿಲಿಗೆ ಬಂದು ತಂಗಿಯನ್ನು ಕರೆಯುವುದು ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡ. ತಂಗಿಗೆ ಹೇಳಿದನೇ? ಇಲ್ಲ. ಗಂಡಸರು ಇಂಥದ್ದನ್ನು ಹೇಳುತ್ತಾರೆಯೇ?

ಮರುವರ್ಷ ಪಂಚಮಿ ಬಂತು. ಫೋನು ಮಾಡಿದ. "ಗಿರಣ್ಯಾಗ ಬಿಡುವಿಲ್ಲವ್ವ ಈ ಸಲ." ಆಕೆ ಅಂದಳು, "ಇರ್ಲಿ ಬಿಡಣ್ಣ." ಅದರ ಮರುವರ್ಷ, "ಮೈಯಾಗ ಆರಾಮಿಲ್ಲವ್ವ." "ಇರ್ಲಿ ಬಿಡಣ್ಣ." ಆರು ಪಂಚಮಿ ಹೋದವು, ತಾಯಂದಿರೇ. ಆರು ಸಲ "ಇರ್ಲಿ ಬಿಡಣ್ಣ". ಮದುವೆ, ಸೀಮಂತ ಎಂದರೆ ಹೋಗುತ್ತಿದ್ದ, ಉಂಡು ಬರುತ್ತಿದ್ದ. ಕರೆಯಲು ಮಾತ್ರ ಹೋಗಲಿಲ್ಲ. ಆಕೆ ಮಾತ್ರ ಪ್ರತಿ ವರ್ಷ, ಪಂಚಮಿ ಶುರುವಾಗುವ ರೊಟ್ಟಿ ಹಬ್ಬದ ದಿನ, ತಲೆಗೆ ಎರೆದುಕೊಂಡು, ಚೀಲದಲ್ಲಿ ಎರಡು ಸೀರೆ ಮಡಚಿಟ್ಟು, ಬಸ್ಸು ಬರುವ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಬರುವುದಿಲ್ಲ ಎಂದು ಫೋನು ಬಂದ ಮೇಲೂ ನಿಲ್ಲುತ್ತಿದ್ದಳು. ಯಾಕೆ ಎಂದು ನನ್ನನ್ನು ಕೇಳಬೇಡಿ. ನಾನು ಸಂಸಾರವಿಲ್ಲದ ಜಂಗಮ, ನನಗೇನು ಗೊತ್ತು? ನಿಮ್ಮ ಮನೆಯ ಹೆಣ್ಣುಮಗಳನ್ನು ಕೇಳಿ.

ಇತ್ತ ಅಣ್ಣನ ಹಂಬಲವೂ ಕಡಿಮೆಯದಲ್ಲ. ಯಾರಾದರೂ ಹೆಣ್ಣುಮಗಳನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಹೋದರೆ ಗಿರಣಿಯ ಬಾಗಿಲಿಗೆ ಬಂದು, ಅವರು ತಿರುವು ದಾಟುವ ತನಕ ನೋಡುತ್ತಿದ್ದ. ಕಾಳು ಸುರಿಯುವುದು ಮರೆತು, ಕಲ್ಲು ಬರಿದೇ ತಿರುಗಿ, ಮಾಲೀಕನಿಂದ ಬೈಸಿಕೊಂಡದ್ದೂ ಉಂಟು.

ಏಳನೇ ವರ್ಷ ಒಬ್ಬ ನಿವೃತ್ತ ಮಾಸ್ತರರ ಹಳೆಯ ಬೈಕು ಸಿಕ್ಕಿತು. ಮೊಣಕಾಲು ನೋವಿನಿಂದ ಅವರಿಗೆ ಕಿಕ್ ಹೊಡೆಯಲು ಆಗುತ್ತಿರಲಿಲ್ಲ. ಇವನಿಗೆ ಗಾಡಿ ಪರೀಕ್ಷೆ ಮಾಡಲು ಏನು ಗೊತ್ತು? ಚೈನು ನೋಡಲಿಲ್ಲ, ಟೈರು ನೋಡಲಿಲ್ಲ. ಹಿಂದಿನ ಸೀಟನ್ನು ಅಂಗೈಯಿಂದ ಒತ್ತಿ ನೋಡಿ, "ಮೆತ್ತಗ ಐತ್ರಿ" ಅಂದ. ಮಾಸ್ತರರಿಗೆ ನಗು ಬಂತು. ಗಾಡಿಯ ಕಾಗದಪತ್ರ ಕೊಟ್ಟರು, ತಮ್ಮ ಹೆಲ್ಮೆಟ್ಟನ್ನು ಮಾತ್ರ ಕೊಡಲಿಲ್ಲ.

"ಗಾಡಿ ಹಳೇದು ತಗೊಂಡ್ರ ನಡೀತೈತಿ ತಮ್ಮಾ, ಹೆಲ್ಮೆಟ್ ಹಳೇದು ತಗೋಬ್ಯಾಡ. ಇದು ಒಮ್ಮೆ ನನ್ನ ಜೋಡಿ ನೆಲಕ್ಕ ಬಿದ್ದೈತಿ. ಮ್ಯಾಲ ಹೊಳೀತೈತಿ, ಒಳಗ ಒಡದಿದ್ದು ಕಾಣಂಗಿಲ್ಲ."

ಸರಿ, ಪೇಟೆಗೆ ಹೋಗಿ ಹೊಸ ಹೆಲ್ಮೆಟ್ ಕೇಳಿದ. ಒಂದಲ್ಲ, ಎರಡು. ತನ್ನದನ್ನು ಹಾಕಿ ನೋಡಿದ. ಇನ್ನೊಂದು ಯಾವ ಅಳತೆಯದು ಎಂದು ಅಂಗಡಿಯವನು ಕೇಳಿದಾಗ ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು, ಗಾಳಿಯಲ್ಲೇ ಒಂದು ತಲೆ ತೋರಿಸಿ, "ಇಷ್ಟ ಇರ್ತೈತ್ರಿ ನಮ್ಮ ತಂಗೀದು" ಅಂದ. ಜಡೆ ಹಾಕಿದ ಕೈ ಅಲ್ಲವೇ? ಅಳತೆ ತಪ್ಪಲಿಲ್ಲ. ಕೆಂಪು ಬಣ್ಣದ್ದು ಆರಿಸಿದ.

ಇನ್ನು ಕಲಿಯುವುದು! ನಲವತ್ತೈದು ದಾಟಿದ ಮನುಷ್ಯ. ಸಂತೆ ಬಯಲಿನಲ್ಲಿ ಕ್ಲಚ್ ಹಿಡಿ ಎಂದರೆ ಬ್ರೇಕ್ ಹಿಡಿದ. ಗಾಡಿ ಮುಂದಕ್ಕೆ ಹಾರಿದರೆ ಎತ್ತಿಗೆ ಹೇಳಿದಂತೆ "ಹೋ, ಹೋ" ಅಂದ. ನಗುತ್ತೀರಿ, ನಗಿ. ಬಿದ್ದ, ಎದ್ದ, ಮೊಣಕೈ ತರಚಿಕೊಂಡ, ಲೈಸೆನ್ಸನ್ನೂ ಮಾಡಿಸಿಕೊಂಡ. ಶ್ರಾವಣ ಬಂತು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ರೊಟ್ಟಿ ಹಬ್ಬದ ಬೆಳಿಗ್ಗೆ ತಂಗಿಯ ಊರಿಗೆ ಹೊರಟ. ತನ್ನ ತಲೆಗೊಂದು ಹೆಲ್ಮೆಟ್, ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದದ್ದು ಒಂದು. ಎರಡು ತಾಸಿನ ದಾರಿಯನ್ನು ನಾಲ್ಕು ತಾಸು ಓಡಿಸಿದ. ದಾರಿಯುದ್ದಕ್ಕೂ ಒಂದೇ ಆಸೆ, ಬಾಗಿಲಲ್ಲಿ ನಿಂತ ತಂಗಿಯ ಮುಖ ನೋಡಬೇಕು.

ತಂಗಿ ಬಾಗಿಲಲ್ಲೇ ನಿಂತಿದ್ದಳು.

"ಅಣ್ಣಾ! ನೀ ಬಂದೀ?"

"ಕರಿಯಾಕ ಬಂದೀನವ್ವ. ಇನ್ನ ನೀ ಬಸ್‌ಸ್ಟ್ಯಾಂಡಿನ್ಯಾಗ ನಿಂದ್ರೋದು ಬ್ಯಾಡ. ಹತ್ತು."

ಕೆಂಪು ಹೆಲ್ಮೆಟ್ಟನ್ನು ಆಕೆಯ ಕೈಗಿಟ್ಟ. ಆಕೆ ನಕ್ಕಳು. ಮುಡಿದ ಹೂವಿನ ಮೇಲೆಯೇ ಹಾಕಿಕೊಂಡು, ಮುಂದಿನ ಗಾಜನ್ನೂ ಕೆಳಗೆ ಎಳೆದುಕೊಂಡಳು. "ಅಳತಿ ಸರೀನ ಐತಲ್ಲಣ್ಣ" ಅಂದಳು. ಬಹಳ ಹೊತ್ತು ತೆಗೆಯಲೇ ಇಲ್ಲ. ತೆಗೆದಾಗ ಮುಖವೆಲ್ಲ ಒದ್ದೆಯಾಗಿತ್ತು.

"ನಾ ಹೆಂಗ ಬರ್ಲಿ ಅಣ್ಣ? ಹೋದ ವೈಶಾಖದಾಗ ನನ್ನ ಮಗಳ ಮದುವ್ಯಾಗ ನೀನ ನಿಂತು ಅಕ್ಕಿಕಾಳ ಹಾಕೀಯಲ್ಲ. ಇದು ಆಕಿ ಮೊದಲನೇ ಪಂಚಮಿ. ಇವತ್ತ ಆಕಿ ತವರಿಗೆ ಬರ್ತಾಳ. ನಾ ನಿನ್ನ ಬೆನ್ನಿಗೆ ಕುಂತು ಹೋದ್ರ ಆಕಿಗೆ ಬಾಗಲಾ ತಗಿಯಾವ್ರು ಯಾರು?"

ಅಣ್ಣ ಕೇಳಿದ: "ಯಾರು ಹೋಗ್ಯಾರವ್ವ, ಆಕಿನ ಕರಿಯಾಕ?"

"ನನ್ನ ಮಗ. ಕಾರು ಗ್ಯಾರೇಜಿನ್ಯಾಗ ಐತಿ, ರಿಪೇರಿ ಆದ ಮ್ಯಾಲ ನಾಳೆ ಹೋಗ್ತೀನಿ ಅಂತಿದ್ದ. ನಾನ ಬೈದು ಬಸ್ಸಿಗೆ ಕಳಿಸೀನಿ. ಕಾಯೋದಂದ್ರ ಏನಂತ ನನಗ ಗೊತ್ತೈತಿ." ಹೆಲ್ಮೆಟ್ಟನ್ನು ತಿರುಗಿ ಸೀಟಿನ ಮೇಲಿಟ್ಟು ಅಂದಳು: "ಆರು ವರ್ಷ ನಾ ಬಾಗಲದಾಗ ನಿಂತಿದ್ದು ಗಾಡಿ ನೋಡಾಕಲ್ಲಣ್ಣ. ನೀ ಬಸ್ಸಿಳದು ನಡಕೋಂತ ಬರೋದನ್ನ ನೋಡಾಕ."

ಅಣ್ಣ ರೊಟ್ಟಿ ಉಂಡ, ತಂಗಿಯ ಮಗಳು ಬಂದ ಮೇಲೆ ಆಕೆಯನ್ನು ಮಾತಾಡಿಸಿದ, ಒಬ್ಬನೇ ತಿರುಗಿ ಬಂದ.

ಹಬ್ಬ ಮುಗಿದ ಮೇಲೆ ಬರಬಹುದಲ್ಲ ಅಪ್ಪಗಳೇ ಎನ್ನುತ್ತೀರಾ? ಬರಬಹುದು. ಬಂದಳು ಕೂಡ, ನೆಂಟರಂತೆ ಬಂದು ಎರಡು ದಿನವಿದ್ದು ಹೋದಳು. ಆದರೆ ಪಂಚಮಿಗೆ ಆಕೆ ಇನ್ನು ತವರಿಗೆ ಹೋಗುವವಳಲ್ಲ. ಈಗ ಆಕೆಯೇ ಇನ್ನೊಬ್ಬಳ ತವರು. ಆರು ವರ್ಷ ಆಕೆ ಮಗಳಾಗಿರಬಹುದಿತ್ತು. ಆ ಆರು ವರ್ಷ ಯಾವ ಅಂಗಡಿಯಲ್ಲಿ ಸಿಗುತ್ತದೆ? ಹಳೆಯದಾದರೂ ಸಿಗುತ್ತದೆಯೇ?

ಆ ಅಣ್ಣನಿಗೆ ಪ್ರೀತಿ ಕಡಿಮೆಯಿತ್ತೇ? ಇಲ್ಲ. ಪ್ರೀತಿ ಇತ್ತು, ಅದರ ಮುಂದೆ ಮಾನವನ್ನು ಕೂರಿಸಿದ. ನೀವೂ ಅಷ್ಟೇ ಮಾಡುತ್ತೀರಿ. ಮನೆ ಕಟ್ಟಿದ ಮೇಲೆ ಅಕ್ಕನನ್ನು ಕರೆಯೋಣ. ಒಳ್ಳೆಯ ಸೀರೆ ಕೊಡುವ ಶಕ್ತಿ ಬಂದ ಮೇಲೆ ತಂಗಿಯ ಮನೆಗೆ ಹೋಗೋಣ. ಶಿವನಿಗೂ ಅದೇ ಮಾತು: ಮಕ್ಕಳ ಮದುವೆ ಮುಗಿಯಲಿ, ಆಮೇಲೆ ನಿನ್ನ ಪೂಜೆಗೆ ಕೂರುತ್ತೇನೆ. ಶಿವನಾದರೋ ಕಾಯುತ್ತಾನೆ, ಅವನಿಗೇನು, ಬೇರೆ ಕೆಲಸವಿಲ್ಲ. ಮನುಷ್ಯರಿಗೆ ಅಷ್ಟು ಆಯುಷ್ಯವಿಲ್ಲ.

ನಾಳೆ ರೊಟ್ಟಿ ಹಬ್ಬ. ಬೆಳಿಗ್ಗೆ ಮೊದಲ ಬಸ್ಸು ಹತ್ತಿ. ಗಾಡಿ ಇದ್ದವರು ಗಾಡಿಯಲ್ಲಿ ಹೋಗಿ, ಆಕೆಯ ತಲೆಗೂ ಒಂದು ಹೆಲ್ಮೆಟ್ ಒಯ್ಯಿರಿ. ಕೈಯಲ್ಲಿ ಏನಿಲ್ಲವೇ? ಬರಿಗೈಯಲ್ಲಿ ಹೋಗಿ. ಬೀಗರು ಏನಾದರೂ ಅಂದರೆ ಅನ್ನಿಸಿಕೊಳ್ಳಿ, ಅಂದವರ ಬಾಯಿ ನೋಯಲಿ. ಹೋಗಲಾಗದಷ್ಟು ದೂರವಿದ್ದರೆ ಫೋನು ಮಾಡಿ, ನೆಪ ಹೇಳಬೇಡಿ, ನಿಜ ಹೇಳಿ.

ನಾಳೆ ಸಂಜೆ ನಾನು ಇಲ್ಲಿಯೇ ಕೂತಿರುತ್ತೇನೆ. ಗಂಡಸರ ಸಾಲು ಹೀಗೆಯೇ ತುಂಬಿದ್ದರೆ ನನ್ನ ಮಾತು ದಂಡವಾಯಿತು ಎಂದು ತಿಳಿಯುತ್ತೇನೆ. ಖಾಲಿ ಇದ್ದರೆ, ಆ ಖಾಲಿ ಜಮಖಾನೆಗೆ ಕೈಮುಗಿದು ಎದ್ದು ಹೋಗುತ್ತೇನೆ.