ರಿಕಿ ಫ್ಯಾರೋ ಹಾಡು ಬಿಟ್ಟದ್ದು ಏಕೆ

ಸಭೆಯ ಅಧ್ಯಕ್ಷತೆ ವಹಿಸಿರುವ ಕ್ಯಾಮಿಲಸ್ ಅವರೇ, ಊರಿನಿಂದ ವಿಮಾನದಲ್ಲಿ ಬಂದು ಇನ್ನೂ ಕಾಲು ಚಾಚಲು ಪುರಸೊತ್ತು ಸಿಗದ ಮುಖ್ಯ ಅತಿಥಿಗಳೇ, ನನ್ನ ನಾಟಕದ ಸಂಗಾತಿಗಳೇ, ರಜೆಯ ಶುಕ್ರವಾರದ ನಿದ್ದೆಯನ್ನು ನಮಗಾಗಿ ಬಿಟ್ಟುಕೊಟ್ಟ ಸಭಿಕರೇ,

ನನ್ನ ಧ್ವನಿ ಇಷ್ಟೇ. ಮೈಕ್ ಸರಿಯಾಗಿದೆ, ದಯವಿಟ್ಟು ಸೌಂಡಿನವರನ್ನು ಬೈಯಬೇಡಿ.

ಶಾಲು ಹೊದಿಸಿಕೊಂಡವರು ತಮ್ಮ ಸಾಧನೆಯ ಬಗ್ಗೆ ಎರಡು ಮಾತು ಆಡುವುದು ವಾಡಿಕೆ. ಈ ದುಬೈಯಲ್ಲಿ ಇಪ್ಪತ್ತೆರಡು ವರ್ಷ ನಾನು ಮಾಡಿದ ಪಾತ್ರಗಳನ್ನು ನೀವೇ ನೋಡಿದ್ದೀರಿ. ಅದನ್ನೇ ಮತ್ತೆ ಹೇಳಿ ಊಟ ತಡ ಮಾಡುವುದೇಕೆ? ನಾನು ಬೇರೊಬ್ಬ ಕಲಾವಿದರ ವಿಷಯ ಹೇಳುತ್ತೇನೆ. ಅವರ ಹೆಸರು ರಿಕಿ ಫ್ಯಾರೋ. ಕೇಳಿದವರು ಯಾರಾದರೂ ಇದ್ದೀರಾ? ಇಲ್ಲ. ಮೂರು ವರ್ಷದ ಹಿಂದೆ ನಾನೂ ಕೇಳಿರಲಿಲ್ಲ.

ಎರಡು ಸಾವಿರದ ಹದಿಮೂರರಲ್ಲಿ ನನಗೆ ಥೈರಾಯ್ಡ್ ಶಸ್ತ್ರಚಿಕಿತ್ಸೆ ಆಯಿತು. ಗಂಟು ಹೋಯಿತು, ಅದರ ಜೊತೆಗೆ ಧ್ವನಿಯೂ ಹೋಯಿತು. ಬಾಯಿ ತೆರೆದರೆ ಗಾಳಿ ಮಾತ್ರ. ಆಗ ನನಗಿದ್ದದ್ದು ನೈಫ್ ಬಜಾರಿನ ಬಟ್ಟೆ ಸಗಟು ಕಚೇರಿಯೊಂದರಲ್ಲಿ ಫೋನ್ ಎತ್ತುವ ಕೆಲಸ. ನೋಡಿ ನನ್ನ ಅದೃಷ್ಟ! ಮಾಲೀಕರು ಒಳ್ಳೆಯವರು, ಖಲಾಸ್ ಎನ್ನಲಿಲ್ಲ, ಫೈಲುಗಳ ಕೋಣೆಗೆ ಕಳಿಸಿದರು. ಮನೆಯಲ್ಲಿ ಮಗಳು ತೃಷಾ, "ಮಮ್ಮಿ, ಜಸ್ಟ್ ಟೆಕ್ಸ್ಟ್ ಮಿ" ಎಂದಳು. ಒಂದೇ ಸೋಫಾದಲ್ಲಿ ಕುಳಿತು ನಾವಿಬ್ಬರೂ ಸಂದೇಶ ಕಳಿಸಿಕೊಳ್ಳುತ್ತಿದ್ದೆವು. ನನಗೆ ಬಂದ ಫೋನುಗಳಿಗೆ ನನ್ನ ಯಜಮಾನರು ಮೋಹನದಾಸರು ಉತ್ತರಿಸುತ್ತಿದ್ದರು. ಅಂಗಡಿಯಲ್ಲಿ ನನಗೆ ಯಾವ ಸೀರೆ ಬೇಕೆಂದು ಅವರೇ ಹೇಳುತ್ತಿದ್ದರು. ಆ ಎಂಟು ತಿಂಗಳು ಮನೆಯಲ್ಲಿ ಎಷ್ಟು ಶಾಂತಿ ಇತ್ತೆಂದು ಮೋಹನದಾಸರು ಈಗಲೂ ಸ್ನೇಹಿತರ ಹತ್ತಿರ ತಮಾಷೆ ಮಾಡುತ್ತಾರೆ. ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ, ಈಗಲೂ ನಗುತ್ತಿದ್ದಾರೆ. ತಮಾಷೆಯೇ ಇರಬೇಕು.

ಧ್ವನಿ ಚಿಕಿತ್ಸೆಗೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಕಾಯುವ ಕೋಣೆಯಲ್ಲಿ ಪಕ್ಕದ ಕುರ್ಚಿಗೆ ಇಂಗ್ಲೆಂಡಿನ ಮುದುಕರೊಬ್ಬರು ಬರುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಸವೆದ ಚಪ್ಪಲಿ. ಒಂದು ದಿನ, ನೀವೇನು ಮಾಡುತ್ತೀರಿ ಎಂದು ಕೇಳಿದರು. ನಾನು ಚೀಟಿಯಲ್ಲಿ ನಾಟಕ ಎಂದು ಬರೆದೆ. ಅವರು ತಮ್ಮ ಗಂಟಲು ಮುಟ್ಟಿ ತೋರಿಸಿ, "ನಾನೂ ಅಷ್ಟೇ. ಮೊದಲು ಇದರಿಂದ ಹಾಡುತ್ತಿದ್ದೆ, ಆಮೇಲೆ ನಟನಾದೆ. ಹೆಸರು ರಿಕಿ ಫ್ಯಾರೋ" ಎಂದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ, ತಪ್ಪಿದ್ದರೆ ನನ್ನದು.

ಮನೆಗೆ ಬಂದು ತೃಷಾಳ ಕೈಯಲ್ಲಿ ಹುಡುಕಿಸಿದೆ. ಕಪ್ಪು ಬಿಳುಪಿನ ವಿಡಿಯೋ ಒಂದು ಸಿಕ್ಕಿತು. ಕಣ್ಣ ಮೇಲೆ ಕೂದಲು ಬಿದ್ದ ಹುಡುಗ ಹಾಡುತ್ತಿದ್ದಾನೆ, ಸಾವಿರ ಹುಡುಗಿಯರು ಅಳುತ್ತಿದ್ದಾರೆ. ಅದೇ ಇಸ್ತ್ರಿ ಅಂಗಿಯವರು! ಬಸ್ ಕಂಡಕ್ಟರನ ಮಗ, ಹತ್ತೊಂಬತ್ತಕ್ಕೆ ಮೊದಲ ಹಾಡಿನಲ್ಲೇ ಹೆಸರು, ಮೂರು ವರ್ಷ ಎಲ್ಲಿ ನೋಡಿದರೂ ಅವರದೇ ಚಿತ್ರ. ಆಮೇಲೆ ಒಮ್ಮೆಲೇ ಹಾಡು ನಿಲ್ಲಿಸಿ ಸಿನಿಮಾಕ್ಕೆ ಹೋದರಂತೆ. ಏಕೆ? ವಿಡಿಯೋದ ಕೆಳಗೆ ಜನ ಜಗಳವಾಡುತ್ತಿದ್ದರು. ಒಬ್ಬರು ಅಹಂಕಾರ ಎಂದರೆ, ಇನ್ನೊಬ್ಬರು ಹುಡುಗಿಯ ವಿಚಾರ, ಮತ್ತೊಬ್ಬರು ರೆಕಾರ್ಡ್ ಕಂಪನಿಯೊಡನೆ ಜಗಳ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ನನ್ನ ಗಂಟಲನ್ನು ಬಿಟ್ಟು ಬೇರೆ ಏನನ್ನೋ ಯೋಚಿಸುತ್ತಿದ್ದೆ.

ಮುಂದಿನ ವಾರ ಚೀಟಿಯಲ್ಲಿ ನೇರವಾಗಿ ಬರೆದೆ: ಹಾಡು ಏಕೆ ಬಿಟ್ಟಿರಿ?

ಅವರು ತುಂಬಾ ಹೊತ್ತು ಚೀಟಿ ನೋಡಿದರು. ಆಮೇಲೆ ಹೇಳಿದರು. ಒಂದು ಸಂಜೆ ಸಮುದ್ರದ ದಂಡೆಯ ಊರೊಂದರಲ್ಲಿ ಕಾರ್ಯಕ್ರಮ. ಹಾಡಿನ ಅತಿ ಎತ್ತರದ ಸ್ವರಕ್ಕೆ ಬಾಯಿ ತೆರೆದರೆ ಗಾಳಿ ಬಂತು. ಹುಡುಗಿಯರ ಕಿರುಚಾಟದಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲವಂತೆ! ಗೊತ್ತಾದದ್ದು ಇಬ್ಬರಿಗೆ, ಇವರಿಗೆ ಮತ್ತು ಮ್ಯಾನೇಜರಿಗೆ. ಮರುದಿನ ಮ್ಯಾನೇಜರು ಪತ್ರಿಕೆಯವರಿಗೆ ಹೇಳಿದರು: ರಿಕಿಗೆ ಸಿನಿಮಾದಿಂದ ಕರೆ ಬಂದಿದೆ, ಇನ್ನು ಹಾಡಲು ಸಮಯವಿಲ್ಲ. ಯಾವ ಕರೆಯೂ ಬಂದಿರಲಿಲ್ಲ. ಸುದ್ದಿ ಓದಿದ ನಿರ್ದೇಶಕರೊಬ್ಬರು ನಿಜವಾಗಿಯೂ ಕರೆದರು. ಮೊದಲು ಹಾಲು ಹಾಕುವವನ ಪಾತ್ರ, ಆಮೇಲೆ ಟಿವಿಯಲ್ಲಿ ಹನ್ನೊಂದು ವರ್ಷ ಪತ್ತೇದಾರನ ಸಹಾಯಕ.

"ಗಂಟಲು ಆರು ತಿಂಗಳಲ್ಲಿ ಅರ್ಧ ಸರಿಯಾಯಿತು. ತಗ್ಗಿನ ಧ್ವನಿಯಲ್ಲಿ ಹಾಡಬಹುದಿತ್ತು. ಆದರೆ ಹಾಡುವುದಿಲ್ಲ ಎಂದು ನನ್ನ ಪರವಾಗಿ ಹೇಳಿಯಾಗಿತ್ತಲ್ಲ. ನಲವತ್ತು ವರ್ಷ ನಾನೂ ಅದನ್ನೇ ಹೇಳಿದೆ. ಉತ್ತರಕ್ಕೆ ಸುಮ್ಮನೆ ಕಾದವರು ನೀವೊಬ್ಬರೇ."

ಕಾಯದೆ ಏನು ಮಾಡಲಿ, ನನಗೆ ಮಾತೇ ಬರುತ್ತಿರಲಿಲ್ಲ!

ಮುದಿ ವಯಸ್ಸಿನಲ್ಲಿ ಇಲ್ಲಿನ ಹೋಟೆಲೊಂದು ಹಳೆಯ ಹಾಡು ಹಾಡಲು ಅವರನ್ನು ಕರೆಸಿಕೊಂಡಿತ್ತು. ಆ ತಗ್ಗಿನ ಧ್ವನಿಯಲ್ಲೇ ಎರಡು ವರ್ಷ ಹಾಡಿದರು. ಕಾಂಟ್ರಾಕ್ಟ್ ಮುಗಿದ ಮೇಲೆ ಸತ್ವಾ ಬಡಾವಣೆಯಲ್ಲಿ, ಟೈಲರ್ ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ, ಮಕ್ಕಳಿಗೆ ವೇದಿಕೆಯ ಮೇಲೆ ಮಾತಾಡುವುದನ್ನು ಕಲಿಸುತ್ತಿದ್ದರು. ನಾನೂ ಸೇರಿಕೊಂಡೆ. ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಮನೆಯಿಂದ ಮೆಟ್ರೋ, ಆಮೇಲೆ ಬಸ್. ಏಳೆಂಟು ವರ್ಷದ ಮಕ್ಕಳ ನಡುವೆ ನಲವತ್ತೊಂಬತ್ತರ ನಾನು, ನೀರಿನ ಲೋಟಕ್ಕೆ ಸ್ಟ್ರಾ ಹಾಕಿ ಗುಳುಗುಳು ಊದುತ್ತಿದ್ದೆ. ಹಳೆಯ ಧ್ವನಿಯ ಬೆನ್ನು ಹತ್ತಬೇಡಿ, ಇರುವುದರಲ್ಲಿ ಮಾತಾಡಿ ಎನ್ನುತ್ತಿದ್ದರು. ಒಂದು ಶನಿವಾರ ನನ್ನ ಬಾಯಿಂದ ನನ್ನದೇ ಹೆಸರು ಹೊರಬಂತು. ಜಲಜಾಕ್ಷಿ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನಾನು ಅತ್ತುಬಿಟ್ಟೆ, ಅದನ್ನೇಕೆ ಮುಚ್ಚಿಡಲಿ?

ಕಳೆದ ವರ್ಷ ನಮ್ಮ ನಿರ್ದೇಶಕ ಆನ್ಸೆಲ್ಮ್ ನನಗೆ ಅಜ್ಜಿಯ ಪಾತ್ರ ಕೊಟ್ಟರು. ನಾಲ್ಕೇ ಮಾತು. ಮೂರನೆಯ ಮಾತಿಗೆ ಧ್ವನಿ ನಿಂತುಹೋಯಿತು. ನಿಮಗೆ ನೆನಪಿರಬಹುದು, ಹಿಂದಿನಿಂದ ಯಾರೋ "ಸೌಂಡ್! ಸೌಂಡ್!" ಎಂದು ಕೂಗಿದರು. ನಾನು ಓಡಲಿಲ್ಲ. ಉಸಿರು ತೆಗೆದುಕೊಂಡು, ಇದ್ದಷ್ಟು ಧ್ವನಿಯಲ್ಲಿ ಆ ಮಾತು ಹೇಳಿದೆ. ನಾಲ್ಕನೆಯದನ್ನೂ ಹೇಳಿದೆ.

ನಾಟಕ ಮುಗಿದ ಮೇಲೆ ಎಲ್ಲರೂ ಬಂದು ಮಾತಾಡಿಸಿದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು, "ಇದು ಲಾಸ್ಟ್ ಮಾರಾಯ್ರೇ, ಇನ್ನು ಅವಳಿಂದ ಆಗುದಿಲ್ಲ" ಎಂದರು. ನಾಟಕ ನೋಡಲು ಬಂದಿದ್ದ ರಿಕಿ ಪಕ್ಕದಲ್ಲೇ ಇದ್ದರು. ಇವರೇನು ಹೇಳಿದರು ಎಂದು ಕೇಳಿದರು. ಹೇಳಿದೆ.

"ನೀವು ಹಾಗೆ ಹೇಳಿದ್ದಿರಾ?"

"ಇಲ್ಲ."

ಅವರು ಮೋಹನದಾಸರ ಕೈ ಕುಲುಕಿ, ನನ್ನ ಕಡೆ ತಿರುಗಿ, "ನನ್ನ ಮ್ಯಾನೇಜರು ಕೂಡ ತುಂಬಾ ಒಳ್ಳೆಯ ಮನುಷ್ಯ" ಎಂದರು.

ಈ ಮಾರ್ಚಿನಲ್ಲಿ ರಿಕಿ ತಮ್ಮ ಊರಿಗೆ, ತಂಗಿಯ ಮನೆಗೆ ಹೋದರು. ಅಲ್ಲಿನ ಚರ್ಚಿನಲ್ಲಿ ಭಾನುವಾರ ಹಾಡುತ್ತಾರಂತೆ.

ಈಗ ನನ್ನ ಕೈಯಲ್ಲಿರುವ ಈ ಫಲಕ. ಬಹಳ ಚೆಂದವಾಗಿದೆ, ಸಂಘಕ್ಕೆ ನಾನು ಋಣಿ. ಇದರಲ್ಲಿ "ರಂಗದಿಂದ ನಿವೃತ್ತರಾಗುತ್ತಿರುವ" ಎಂದು ಬರೆದಿದೆ. ಕ್ಯಾಮಿಲಸ್ ಅವರೇ, ನಿಮಗೆ ಇದನ್ನು ಹೇಳಿದವರು ಯಾರೆಂದು ನಾನು ಕೇಳುವುದಿಲ್ಲ. ಹೇಳಿದವರು ನನ್ನ ಆರೋಗ್ಯ ಯೋಚಿಸಿಯೇ ಹೇಳಿದ್ದಾರೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ನಾನು ಹೇಳಿಲ್ಲ. ಆನ್ಸೆಲ್ಮ್, ಮುಂದಿನ ನಾಟಕಕ್ಕೆ ಬರುತ್ತೀರಾ ಎಂದು ನೀವು ಮೊನ್ನೆ ಕೇಳಿದಿರಿ. ಎರಡು ದಿನ ಕೊಡಿ ಎಂದಿದ್ದೆ. ಬರುತ್ತೇನೆ. ಶುಕ್ರವಾರದ ತಾಲೀಮು ಎಷ್ಟು ಗಂಟೆಗೆಂದು ತಿಳಿಸಿ.

ನಮ್ಮವರ ನಗು ನಿಂತಿದೆ. ಏನೂ ಆಗಿಲ್ಲ, ಮನೆಗೆ ಹೋಗುವಾಗ ಕಾರಿನಲ್ಲಿ ಮಾತಾಡೋಣ. ನಾನೂ ಮಾತಾಡುತ್ತೇನೆ.

ಇಷ್ಟು ಸಣ್ಣ ಧ್ವನಿಯನ್ನು ಇಷ್ಟು ಹೊತ್ತು ಕಿವಿಗೊಟ್ಟು ಕೇಳಿದ ನಿಮಗೆಲ್ಲ ಧನ್ಯವಾದ. ನಮಸ್ಕಾರ.