ಸೀಸದ ಗುಂಡಿಗೆ ಅಂಟಿದ ಮರಳು

ಕರಾವಳಿಯ ಒಂದು ಬಂದರಿನಲ್ಲಿ ಒಬ್ಬ ಹಡಗಿನ ಯಜಮಾನನಿದ್ದ. ಹಾಯಿ ಹಡಗಿನ ಕಾಲ ಅದು. ಹಡಗು ಎಲ್ಲಿದೆ ಎಂದು ಹೇಳುವ ಹಕ್ಕು ಅವನೊಬ್ಬನದು. ಬೇರೆ ಯಾರಾದರೂ ಬಾಯಿಬಿಟ್ಟರೆ ಮುಂದಿನ ಬಂದರಿನಲ್ಲಿ ಇಳಿಸಿಬಿಡುತ್ತಿದ್ದ. ಹಾಗೆ ಇಳಿದವನನ್ನು ಮತ್ತೆ ಯಾವ ಹಡಗೂ ಹತ್ತಿಸಿಕೊಳ್ಳುತ್ತಿರಲಿಲ್ಲ.

ಒಮ್ಮೆ ಊರಿಗೆ ಮರಳುವಾಗ ನಾಲ್ಕು ದಿನ ಮೋಡ, ದಟ್ಟ ಮಂಜು. ಸೂರ್ಯನಿಲ್ಲ, ನಕ್ಷತ್ರವಿಲ್ಲ. ಯಜಮಾನ ಹಡಗಿನ ಮುಂದುಗಡೆ ನೀರಿಗೆ ಮರದ ತುಂಡು ಎಸೆದು, ಅದು ಹಿಂದುಗಡೆಗೆ ಬರುವವರೆಗೆ ಎಣಿಸಿ, ವೇಗ ಲೆಕ್ಕ ಹಾಕಿದ. ದಡ ಇನ್ನೂ ಎರಡು ದಿನ ದೂರ ಎಂದ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನೋಡಿ, ನೀರಿನ ಮೇಲೆ ಹಡಗು ಎಷ್ಟು ಓಡಿತೆಂದು ಮರದ ತುಂಡು ಹೇಳುತ್ತದೆ. ನೀರೇ ಓಡುತ್ತಿದ್ದರೆ? ಅದನ್ನು ಹೇಳುವುದಿಲ್ಲ.

ಆಳ ನೋಡುವ ಆಳು ಒಬ್ಬನಿದ್ದ. ಸೀಸದ ಗುಂಡಿನ ತಳಕ್ಕೆ ಕೊಬ್ಬು ಮೆತ್ತಿ ಹಗ್ಗದಲ್ಲಿ ಇಳಿಸುವುದು, ಎಷ್ಟು ಮಾರು ಎಂದು ಕೂಗುವುದು, ಅಷ್ಟೇ ಅವನ ಕೆಲಸ. ಅವತ್ತು ಬೆಳಿಗ್ಗೆ ಮೂವತ್ತು ಮಾರು ಇರಬೇಕಾದಲ್ಲಿ ಹನ್ನೆರಡೇ ಸಿಕ್ಕಿತು. ಕೊಬ್ಬಿಗೆ ಅಂಟಿದ್ದು ದೂರದ ಸಮುದ್ರದ ಕೆಸರಲ್ಲ. ಮರಳು, ಒಡೆದ ಚಿಪ್ಪು. ಬಂಡೆ ಹತ್ತಿರವಿದೆ ಎಂದು ಅವನ ಬೆರಳಿಗೆ ತಿಳಿಯಿತು.

ಹೇಳಿದ. ಯಜಮಾನ ನಕ್ಕ. "ನಿನ್ನಪ್ಪ ನಕ್ಷೆ ಕಂಡಿದ್ನಾ? ಹಗ್ಗ ಬಿಡು ಅಂದ್ರೆ ಬಿಡು, ಸಾಕು."

ಅವನು ಮತ್ತೆ ಇಳಿಸಿದ. ಎಂಟು ಮಾರು. ಈ ಸಲ ಕೂಗಲಿಲ್ಲ. ನೇರ ಹೋಗಿ, ನೀರು ಸೋರುವ ಗುಂಡನ್ನು ಯಜಮಾನನ ನಕ್ಷೆಯ ಮೇಲೇ ಇಟ್ಟ.

"ನಕ್ಷೆ ನಿಮ್ದು, ಒಡೆಯಾ. ಮರಳು ಸಮುದ್ರದ್ದು. ಮುಟ್ಟಿ ನೋಡಿ."

ಯಜಮಾನ ಮುಟ್ಟಿದ. ಹಾಯಿ ಇಳಿಸಿ ಲಂಗರು ಹಾಕಿಸಿದ. ಮಧ್ಯಾಹ್ನ ಮಂಜು ಸರಿದಾಗ ಎದುರಿಗೇ ಬಂಡೆ, ಅದರ ಮೇಲೆ ಒಡೆಯುವ ಅಲೆ.

ಆಮೇಲೆ ಆ ಆಳಿಗೆ ಸನ್ಮಾನವಾಯಿತೇ? ಇಲ್ಲ. ಮುಂದಿನ ಬಂದರಿನಲ್ಲಿ ಇಳಿಸಿದರು. ಹಡಗು ಉಳಿಯಿತು, ಅವನ ಕೆಲಸ ಉಳಿಯಲಿಲ್ಲ. ನಿಮ್ಮನ್ನು ಮೆಚ್ಚಿಸಲು ನಾನು ಕಥೆ ತಿರುಗಿಸುವುದಿಲ್ಲ. ಅವನಿಂದ ಬದುಕಿದ ಇಪ್ಪತ್ತಾರು ಜನ ಹಡಗಿನಲ್ಲಿದ್ದರು. ಅವನು ಇಳಿಯುವಾಗ ಅವರೇನು ಮಾಡಿದರು? ಹಗ್ಗ ಸುತ್ತುತ್ತಾ ತಲೆ ತಗ್ಗಿಸಿದರು.

ಆ ಇಪ್ಪತ್ತಾರು ಜನ ಯಾರು? ಕಥೆಗೆಂದು ಇಲ್ಲಿ ಚಾಪೆಯ ಮೇಲೆ ಕುಳಿತಿರುವ ನಾವು. ಹೌದು, ನಾವೇ. ಸೊಸೆ ಮಗುವಿನ ಮೈ ಮುಟ್ಟಿ, ಇದು ಬರೀ ಹಲ್ಲಿನ ಜ್ವರವಲ್ಲ, ಆಸ್ಪತ್ರೆಗೆ ಹೋಗೋಣ ಎನ್ನುತ್ತಾಳೆ. ದೋಣಿಯ ಆಳು ಅಡಿಹಲಗೆ ಒತ್ತಿ, ಮೆತ್ತಗಾಗಿದೆ ಎನ್ನುತ್ತಾನೆ. ನಾವು ಏನನ್ನುತ್ತೇವೆ? ನಿನಗೇನು ಗೊತ್ತು, ಸುಮ್ಮನಿರು. ದೇವರು ಕೈ ಕೊಟ್ಟದ್ದು ಕೈಮುಗಿಯುವುದಕ್ಕೆ ಮಾತ್ರವೇ? ಮುಟ್ಟಿ ತಿಳಿಯುವುದಕ್ಕೂ ಕೊಟ್ಟಿದ್ದಾನೆ.

ದೊಡ್ಡವರಿಗೆ ಎದುರಾಡಬೇಡಿ ಎಂದು ನಿಮಗೆ ಹೇಳಿಕೊಟ್ಟಿದ್ದಾರೆ. ನನಗೂ ಹೇಳಿಕೊಟ್ಟಿದ್ದಾರೆ. ನಾನು ಅದನ್ನು ಇವತ್ತು ಹೇಳುವುದಿಲ್ಲ. ನಾಳೆ ಮನೆಯಲ್ಲೋ ದೋಣಿ ನಿಲ್ಲುವ ದಕ್ಕೆಯಲ್ಲೋ ಯಾರಾದರೂ ಮುಟ್ಟಿ ತಿಳಿದದ್ದನ್ನು ಹೇಳಿದರೆ, ಮೊದಲು ನೀವೂ ಮುಟ್ಟಿ ನೋಡಿ. ನಿಜವಾದರೆ ಕುಳಿತಲ್ಲೇ ಮನಸ್ಸಿನಲ್ಲಿ ಹೌದೆನ್ನಬೇಡಿ. ಎದ್ದು ಅವರ ಪಕ್ಕ ನಿಲ್ಲಿ. ಇಳಿಸುತ್ತಾರೆಯೇ? ಇಳಿಸಲಿ. ಇಬ್ಬರೂ ಇಳಿಯಿರಿ.